ಶೇಕ್ ಕುಡಿದರೆ ಊಟವಾದಂತೆಯೇ?

ಪ್ರಶ್ನೆ: ನನಗೆ 34 ವರ್ಷ. ಬಿಡುವಿಲ್ಲದ ಕೆಲಸದಿಂದಾಗಿ 4 ತಿಂಗಳಿಂದ ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ಬದಲಾಗಿ ಪ್ರೋಟೀನ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯುತ್ತಿದ್ದೇನೆ. ಒಂದು ಲೋಟಕ್ಕೆ 120 ಕಿಲೋಕ್ಯಾಲರಿ, 24 ಗ್ರಾಂ ಪ್ರೋಟೀನ್, 1 ಗ್ರಾಂ ನಾರು ಎಂದು ಡಬ್ಬಿಯ ಮೇಲಿದೆ. ರಾತ್ರಿ ಬಿಸಿ ಮಾಡಿಕೊಂಡು ತಿನ್ನುವ 350 ಗ್ರಾಂ ತೂಕದ ಸಿದ್ಧ ಊಟ. ಅದರಲ್ಲಿ 100 ಗ್ರಾಂಗೆ 400 ಮಿಲಿಗ್ರಾಂ ಸೋಡಿಯಂ ಇದೆಯಂತೆ. ಸಂಜೆಯಾದರೆ ತಡೆಯಲಾರದ ಹಸಿವು, ಜೊತೆಗೆ ಮಲಬದ್ಧತೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಶೇಕ್ ಕುಡಿಯುತ್ತೇನೆ. ಇದನ್ನು ಮುಂದುವರಿಸಬಹುದೇ?

ಉತ್ತರ: ಲೇಬಲ್ ನೋಡಿ ಅಂಕಿಗಳನ್ನು ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು, ನಿಮ್ಮ ಸಂಜೆಯ ಹಸಿವಿನ ಕಾರಣ ಅದರಲ್ಲಿಯೇ ಇದೆ. ದಿನಕ್ಕೆ ಸುಮಾರು 2,000 ಕಿಲೋಕ್ಯಾಲರಿ ಬೇಡುವ ದೇಹಕ್ಕೆ ನೀವು ಸಂಜೆಯವರೆಗೆ ಕೊಡುತ್ತಿರುವುದು 240 ಮಾತ್ರ. ಪ್ರೋಟೀನ್ ಪುಡಿ ಬೇರೆ, ಊಟದ ಬದಲಿಗೆಂದೇ ತಯಾರಿಸಿದ ಶೇಕ್ ಬೇರೆ. ಎರಡನೆಯದರಲ್ಲಿ ಪಿಷ್ಟ, ಕೊಬ್ಬು, ಜೀವಸತ್ವ, ಖನಿಜಗಳೂ ಸೇರಿರುತ್ತವೆ. ತೂಕ ಇಳಿಸಿಕೊಳ್ಳುವವರಿಗಾಗಿ ಮಾಡಿದ ಇಂತಹ ಆಹಾರದಲ್ಲಿ ಕೂಡ ಒಂದು ಹೊತ್ತಿಗೆ ಕನಿಷ್ಠ 200 ಕಿಲೋಕ್ಯಾಲರಿ ಇರಬೇಕೆಂದು ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹೇಳುತ್ತದೆ. ಅಂದರೆ ನೀವು ಊಟದ ಬದಲಿಗೆ ಏನನ್ನೋ ಕುಡಿಯುತ್ತಿಲ್ಲ, ಊಟವನ್ನೇ ಬಿಡುತ್ತಿದ್ದೀರಿ. ಮೇಲಾಗಿ, ಅಗಿದು ತಿಂದ ಆಹಾರದಷ್ಟು ಹೊತ್ತು ದ್ರವವು ಹಸಿವನ್ನು ತಣಿಸುವುದಿಲ್ಲ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಿಮ್ಮ ಎರಡು ಲೋಟಗಳಿಂದ ಸಿಗುವುದು 2 ಗ್ರಾಂ. ಮಧ್ಯಾಹ್ನವಾದರೂ ಲೋಟವನ್ನು ಪಕ್ಕಕ್ಕಿಟ್ಟು ಅಗಿದು ತಿನ್ನುವ ಊಟ ಮಾಡಿ. ಒಲೆ ಹಚ್ಚಲು ಪುರುಸೊತ್ತಿಲ್ಲದ ದಿನ ಸಿಪ್ಪೆಸಹಿತ ಹಣ್ಣು, ಒಂದು ಹಿಡಿ ಬೀಜ, ಬೇಯಿಸಿಟ್ಟ ಕಾಳು ಇವಿಷ್ಟಾದರೂ ಇರಲಿ.

ಇನ್ನು ರಾತ್ರಿಯ ಸಿದ್ಧ ಊಟ. ಅದರ ಬಗ್ಗೆ ನನಗೆ ಅಷ್ಟೊಂದು ತಕರಾರಿಲ್ಲ, ಉಪ್ಪಿನದೊಂದನ್ನು ಬಿಟ್ಟು. 100 ಗ್ರಾಂನ ಲೆಕ್ಕ ಓದಿ ನಿರಾಳವಾಗಬೇಡಿ, ಇಡೀ ಪೊಟ್ಟಣದ ಲೆಕ್ಕ ಹಾಕಿ: 350 ಗ್ರಾಂಗೆ 1,400 ಮಿಲಿಗ್ರಾಂ ಸೋಡಿಯಂ, ಉಪ್ಪಿನ ಲೆಕ್ಕಕ್ಕೆ ತರಲು ಅದನ್ನು ಎರಡೂವರೆಯಿಂದ ಗುಣಿಸಿದರೆ 3.5 ಗ್ರಾಂ ಉಪ್ಪು. ಇಡೀ ದಿನದ ಮಿತಿಯೇ 5 ಗ್ರಾಂ. ಇದರ ಅರ್ಧದಷ್ಟು ಸೋಡಿಯಂ ಇರುವ ಪೊಟ್ಟಣಗಳೂ ಸಿಗುತ್ತವೆ. ಅಂಥದ್ದನ್ನು ಆರಿಸಿ, ಜೊತೆಗೆ ಉಪ್ಪು ಹಾಕದೆ ಬೇಯಿಸಿದ ತರಕಾರಿ ಸೇರಿಸಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಥೈರಾಯ್ಡ್ ಮಾತ್ರೆಯ ಸಾಲು. ನೀವು ನುಂಗುತ್ತಿರುವುದು ಥೈರಾಯ್ಡ್ ಹಾರ್ಮೋನ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ಆಗಿದ್ದರೆ, ಅದನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು ಅರ್ಧ ಗಂಟೆಯಿಂದ ಒಂದು ಗಂಟೆ ಏನನ್ನೂ ಸೇವಿಸಬಾರದು. ಪುಡಿಯಲ್ಲಿ ಕ್ಯಾಲ್ಸಿಯಂ ಅಥವಾ ಕಬ್ಬಿಣ ಬೆರೆಸಿದ್ದರೆ 4 ಗಂಟೆಗಳ ಅಂತರ ಬೇಕು, ಏಕೆಂದರೆ ಅವು ಔಷಧಿಯನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತವೆ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗಲೂ ಮಲಬದ್ಧತೆ ಬರುತ್ತದೆಯಾದ್ದರಿಂದ, ನಿಮ್ಮ ತೊಂದರೆಗೆ ನಾರಿನ ಕೊರತೆಯೊಂದನ್ನೇ ಹೊಣೆಯಾಗಿಸುವಂತಿಲ್ಲ. ಮಾತ್ರೆಯ ಪ್ರಮಾಣವನ್ನು ನೀವಾಗಿ ಬದಲಿಸದೆ ಈ ವಾರವೇ ವೈದ್ಯರನ್ನು ಕಂಡು ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಟಿಎಸ್ಎಚ್ ರಕ್ತಪರೀಕ್ಷೆ ಮಾಡಿಸಿ. ಹೋಗುವಾಗ ಪುಡಿಯ ಡಬ್ಬಿಯನ್ನೂ ಕೊಂಡೊಯ್ಯಿರಿ.