ಹಳೇ ಬಂದೂಕು ಸತ್ತಿದೆ ಅಂತ ಯಾರು ಹೇಳಿದ್ದು?

ಖಂಡೇಪೂಜೆ ಹತ್ತಿರ ಬಂದರೆ ಸಾಕು, ನನ್ನ ಫೋನಿಗೆ ಬಿಡುವಿಲ್ಲ. ಹಳೇ ಆಯುಧಗಳನ್ನು ತುಕ್ಕು ತಿನ್ನದಂತೆ ಕಾಪಾಡುವುದು ನನ್ನ ಕೆಲಸ. ಆದರೆ ಧಾರವಾಡ, ಗದಗ, ಹಾವೇರಿ ಕಡೆಯ ಅರ್ಧ ಜನ ನನ್ನನ್ನು ಜ್ಯೋತಿಷಿ ಅಂತ ತಿಳಿದಂತಿದೆ. ಮಸುಕು ಫೋಟೊ ಕಳಿಸಿ "ಇದರ ಕಾಲ ಹೇಳ್ರಿ, ಬೆಲೆ ಹೇಳ್ರಿ" ಅಂತಾರೆ. ವರ್ಷಾ ವರ್ಷಾ ಅವೇ ಪ್ರಶ್ನೆ. ಈ ಸಲ ಒಂದಕ್ಕೆ ಸರಿಯಾಗಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ: ನರಗುಂದ ತಾಲ್ಲೂಕಿನ ನಮ್ಮ ಹಳೇ ಮನೆ ಕೆಡವುವಾಗ ಜಂತಿಯ ಮೇಲೆ ಒಂದು ಬಂದೂಕು ಸಿಕ್ಕಿತು. ಬಾಯಿಯಿಂದ ಮದ್ದು ತುಂಬುವಂಥದ್ದು. ಕುದುರೆ (ಕೇಪಿನ ಮೇಲೆ ಬಡಿಯುವ ಸುತ್ತಿಗೆ) ಇದೆ, ಕೇಪು (ಬಡಿದರೆ ಕಿಡಿ ಕಾರುವ ಪುಟ್ಟ ಲೋಹದ ಟೋಪಿ) ಕೂರಿಸುವ ಮೊಳೆಯೂ ಇದೆ. ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಅರಸ ಬಾಬಾಸಾಹೇಬರ ಬಂಡಾಯದ ಕಾಲದ್ದು ಅಂತ ನಮ್ಮ ದೊಡ್ಡಪ್ಪ ಹೇಳುತ್ತಾರೆ. ನೂರು ವರ್ಷ ದಾಟಿದ್ದಕ್ಕೆ ಲೈಸೆನ್ಸ್ ಬೇಡವಂತೆ, ನಿಜವಾ? ವೆಲ್ಡಿಂಗ್ ಮಾಡಿಸಿ ನಳಿಗೆ ಮುಚ್ಚಿ ಪಡಸಾಲೆಯಲ್ಲಿ ತೂಗುಹಾಕಬಹುದಾ?

ಉತ್ತರ: ವೆಲ್ಡಿಂಗ್ ಅಂಗಡಿಗೆ ಇನ್ನೂ ಒಯ್ದಿಲ್ಲ ತಾನೆ? ಒಯ್ಯಬೇಡಿ. ಲೈಸೆನ್ಸಿನ ಮಾತು ಆಮೇಲೆ.

ಇಂಥ ಬಂದೂಕಿಗೆ ಒಮ್ಮೆ ಮದ್ದು ತುಂಬಿದರೆ ತೆಗೆಯುವುದು ದೊಡ್ಡ ರಗಳೆ. ತೋಟಾ ಬಂದೂಕಿನ ಹಾಗೆ ಹಿಂದೆ ಬಿಚ್ಚಿ ಎಳೆಯಲು ಬರುವುದಿಲ್ಲ. ಒಂದೋ ಹಾರಿಸಬೇಕು, ಇಲ್ಲವೇ ತುದಿಗೆ ಸ್ಕ್ರೂ ಇರುವ ಸಲಾಕೆ ಇಳಿಸಿ ಒಳಗಿನದ್ದನ್ನು ಒಂದೊಂದಾಗಿ ಕಿತ್ತು ತೆಗೆಯಬೇಕು. ತುಂಬುವುದಕ್ಕೂ ಹೊತ್ತು ಹಿಡಿಯುತ್ತದೆ. ರಾತ್ರಿ ಹೊಲಕ್ಕೆ ಹಂದಿ ಬಂದಾಗ ಮದ್ದು, ಚರೆ ಹುಡುಕುತ್ತ ಕೂರಲು ಆಗುತ್ತಾ? ಹಾಗಾಗಿ ಹಿರಿಯರು ತುಂಬಿಯೇ ಇಡುತ್ತಿದ್ದರು. ಕೇಪು ಮಾತ್ರ ತೆಗೆದು ಬೇರೆ ಕಡೆ ಇಡುತ್ತಿದ್ದರು. ತುಂಬಿದವರು ತೀರಿಕೊಂಡರು. ಒಳಗೆ ಮದ್ದು ಇದೆ ಅನ್ನೋದು ಅವರ ಜೊತೆಗೇ ಹೋಯಿತು.

ಕರಿಮದ್ದಿಗೆ ವಯಸ್ಸಾಗುವುದಿಲ್ಲ. ಒಣಗಿದ ಜಾಗದಲ್ಲಿದ್ದರೆ ನೂರು ವರ್ಷದ ನಂತರವೂ ಕಿಡಿ ತಾಗಿದರೆ ಹೊತ್ತುತ್ತದೆ. ಒದ್ದೆಯಾಗಿ ಒಣಗಿದ್ದೂ ಹೊತ್ತಬಹುದು. ಅಂಥ ನಳಿಗೆಗೆ ಗ್ಯಾಸ್ ಜ್ವಾಲೆ ಹಿಡಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾ? "ಸೀಮೆಎಣ್ಣೆ ಸುರಿದಿದ್ದೀವಿ, ಏನೂ ಆಗಲ್ಲ" ಅಂತ ಧೈರ್ಯ ಹೇಳುವವರೂ ಇದ್ದಾರೆ. ಅವರ ಮಾತು ಕೇಳಬೇಡಿ.

ನವಲಗುಂದ ಕಡೆಯ ಒಂದು ವಾಡೆಯಲ್ಲಿ ಇಂಥದ್ದೇ ಬಂದೂಕನ್ನು ಪ್ರತಿ ವರ್ಷ ಕುಂಕುಮ ಹಚ್ಚಿ ಪೂಜೆಗೆ ಇಡುತ್ತಿದ್ದರು. ಉಳಿದ ದಿನ ಹುಡುಗರು ಕುದುರೆ ಎಳೆದು ಟಕ್ ಟಕ್ ಅನ್ನಿಸಿ ಆಡುತ್ತಿದ್ದರಂತೆ. ಪೊಲೀಸರು ಕರೆದಾಗ ನಾನೂ ಹೋಗಿದ್ದೆ. ಅವರ ಆರ್ಮರರ್, ಅಂದರೆ ಇಲಾಖೆಯ ಆಯುಧ ನೋಡಿಕೊಳ್ಳುವವರು, ಮೊದಲು ನಳಿಗೆಯೊಳಗೆ ತೆಳ್ಳನೆ ಬಿದಿರು ಕಡ್ಡಿ ಇಳಿಸಿದರು. ಅದು ತಳ ಮುಟ್ಟಿದಾಗ ನಳಿಗೆಯ ಬಾಯಿಯ ಮಟ್ಟಕ್ಕೆ ಗುರುತು ಹಾಕಿದರು. ಆಮೇಲೆ ಕಡ್ಡಿ ಹೊರಗೆ ತೆಗೆದು ನಳಿಗೆಯ ಮೇಲೇ ಉದ್ದಕ್ಕೆ ಹಿಡಿದರು. ಒಳಗೆ ಖಾಲಿ ಇದ್ದಿದ್ದರೆ ಕಡ್ಡಿಯ ತುದಿ ಕೇಪಿನ ಮೊಳೆಯ ಹತ್ತಿರ ಬರಬೇಕಿತ್ತು. ನಾಲ್ಕು ಬೆರಳು ಮೊದಲೇ ನಿಂತಿತು. ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಸಲಾಕೆ ಹಾಕಿ ಎಳೆದಾಗ ಮೊದಲು ತೆಂಗಿನ ನಾರಿನ ಉಂಡೆ ಬಂತು, ಆಮೇಲೆ ದಪ್ಪ ಚರೆ, ಮತ್ತೊಂದು ನಾರಿನ ಉಂಡೆ, ಕೊನೆಗೆ ಕರಿಮದ್ದು. ಮದ್ದು ಪುಡಿಪುಡಿಯಾಗಿ, ಒಣಗಿಯೇ ಇತ್ತು. ಆ ಮನೆಯ ಹುಡುಗರ ಕೈಗೆ ಒಂದು ಕೇಪು ಸಿಕ್ಕಿರಲಿಲ್ಲ, ಅಷ್ಟೇ.

ಇದನ್ನು ಬರೆದದ್ದು ನೀವೂ ಕಡ್ಡಿ ಹಿಡಿದು ಕೂರಲಿ ಅಂತಲ್ಲ. ಆರ್ಮರರ್ ಬಂದಾಗ ಏನು ನೋಡುತ್ತಾರೆ ಅಂತ ತಿಳಿದಿರಲಿ ಅಂತ. ನೀವು ಅದನ್ನು ಇದ್ದಲ್ಲೇ ಬಿಡಿ. ಕುದುರೆ ಎಳೆಯಬೇಡಿ. ನಳಿಗೆಯ ಬಾಯಿ ಯಾರ ಕಡೆಗೂ ಇರಬಾರದು. ಕೋಣೆಗೆ ಬೀಗ ಹಾಕಿ ಠಾಣೆಗೆ ಫೋನ್ ಮಾಡಿ, ಅವರೇ ಬರಲಿ. ಗೋಣಿಚೀಲದಲ್ಲಿ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಠಾಣೆಗೆ ಹೋಗುವ ಶೂರರು ಇದ್ದಾರೆ. ದಯವಿಟ್ಟು ಅದು ಬೇಡ.

ಈಗ ಕಾನೂನು. ಈ "ನೂರು ವರ್ಷ" ಎಲ್ಲಿಂದ ಬಂತು ಅಂದರೆ, ಎರಡು ಕಾಯ್ದೆ ಕಲಸಿಹೋಗಿವೆ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ವಸ್ತು ಪುರಾತನ ಅನ್ನಿಸಿಕೊಳ್ಳುತ್ತದೆ. ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಬಂದೂಕಿನ ಲೈಸೆನ್ಸಿಗೂ ಅದಕ್ಕೂ ಸಂಬಂಧವಿಲ್ಲ. ಲೈಸೆನ್ಸ್ ನೋಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ 45ನೇ ಕಲಮಿನಲ್ಲಿ ಹಳೇ ಮಾದರಿಯ ಆಯುಧಕ್ಕೆ ವಿನಾಯಿತಿ ಇದೆ, ನಿಜ. ಆದರೆ ಒಂದು ಷರತ್ತಿದೆ: ರಿಪೇರಿ ಮಾಡಿದರೂ ಅದು ಬಂದೂಕಾಗಿ ಕೆಲಸ ಮಾಡಬಾರದು. ನಿಮ್ಮದಕ್ಕೆ ಕುದುರೆ ಇದೆ, ಮೊಳೆ ಇದೆ, ನಳಿಗೆ ಇದೆ. ಒಳ್ಳೆ ಕಮ್ಮಾರ ಒಂದು ದಿನದಲ್ಲಿ ಸರಿಮಾಡಿಬಿಡುತ್ತಾನೆ. ಹಾಗಾಗಿ ಅದು ಕಾನೂನಿನ ಕಣ್ಣಲ್ಲಿ ಬಂದೂಕೇ. ಅದು ಹೌದೋ ಅಲ್ಲವೋ ಅಂತ ಹೇಳಬೇಕಾದವರು ಅಧಿಕಾರಿಗಳು. ನಿಮ್ಮ ದೊಡ್ಡಪ್ಪನೂ ಅಲ್ಲ, ನಾನೂ ಅಲ್ಲ.

ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ನೀವೇ ಫೋನ್ ಮಾಡಿ ತಿಳಿಸುವುದು ಬೇರೆ, ಇನ್ಯಾವುದೋ ಜಗಳದಲ್ಲಿ ಪೊಲೀಸರು ಬಂದಾಗ ಗೋಡೆಯ ಮೇಲೆ ಕಾಣುವುದು ಬೇರೆ. ಮನೆಯ ಟ್ರಂಕಿನಲ್ಲಿ ಹಳೇ ಲೈಸೆನ್ಸ್ ಪುಸ್ತಕ ಇದೆಯಾ ಹುಡುಕಿ. ಇದ್ದರೆ ಬಂದೂಕನ್ನು ಠಾಣೆಗೆ ಒಪ್ಪಿಸಿ, ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ಹುಬ್ಬಳ್ಳಿ-ಧಾರವಾಡ ನಗರದಲ್ಲಾದರೆ ಪೊಲೀಸ್ ಕಮಿಷನರ್, ನಿಮ್ಮ ಗದಗ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ. ಒಬ್ಬರಿಗೆ ಎರಡೇ ಬಂದೂಕು. ಪಿತ್ರಾರ್ಜಿತ ಅಂದರೂ ಲೆಕ್ಕ ಅದೇ.

ಇನ್ನು ಬಾಬಾಸಾಹೇಬರ ವಿಷಯ. ನರಗುಂದದ ಸುತ್ತ ಸಿಗುವ ಪ್ರತಿ ಬಂದೂಕೂ ಅವರದ್ದೇ ಆಗಿದ್ದರೆ ಅವರು ಸೋಲುತ್ತಲೇ ಇರಲಿಲ್ಲ! ಬಂಡಾಯ ನಡೆದದ್ದು 1858ರ ಮೇ, ಜೂನ್ ತಿಂಗಳಲ್ಲಿ. ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಬಂಡಾಯಗಾರರ ಕೈಯಲ್ಲಿ ಸತ್ತದ್ದು ಮೇ 29ರ ರಾತ್ರಿ. ಆಗಿನ ಸಂಸ್ಥಾನಗಳ ಸಿಪಾಯಿಗಳ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಬತ್ತಿ ಬಂದೂಕು, ಅಂದರೆ ಉರಿಯುವ ಬತ್ತಿ ತಾಗಿಸಿ ಹಾರಿಸುವಂಥದ್ದು, ಕೇಪಿನದಲ್ಲ. ಅದಕ್ಕೂ ಮೊದಲೇ, 1857ರಲ್ಲಿ, ಆಯುಧ ಒಪ್ಪಿಸಿ ಅಂತ ಆಜ್ಞೆ ಬಂದಿತ್ತು. ಹಲಗಲಿಯ ಬೇಡರು ಎದ್ದದ್ದೇ ಅದಕ್ಕೆ. ಅಂಥ ಕಾಲದ್ದು ಉಳಿದಿರುವುದು ಅಪರೂಪ. ಕೇಪಿನ ಬಂದೂಕುಗಳೋ, ಇಪ್ಪತ್ತನೇ ಶತಮಾನದಲ್ಲೂ ಬೆಳೆ ಕಾಯಲು ತಯಾರಾಗುತ್ತಲೇ ಇದ್ದವು. ನಳಿಗೆಯ ಮೇಲೆ ನೈಟ್ರೋ ಅಂತ ಮುದ್ರೆ ಇದ್ದರಂತೂ ಕಥೆ ಅಲ್ಲಿಗೆ ಮುಗಿಯಿತು. ನೈಟ್ರೋ ಅಂದರೆ ಹೊಗೆ ಬಾರದ ಮದ್ದು, ಅದು ಹುಟ್ಟಿದ್ದೇ 1884ರಲ್ಲಿ. ನಿಮ್ಮದು ಬಹುಶಃ ನಿಮ್ಮ ಮುತ್ತಜ್ಜ ಹಂದಿ ಓಡಿಸುತ್ತಿದ್ದ ಬಂದೂಕು. ಅದರಲ್ಲಿ ಬೇಜಾರಾಗುವಂಥದ್ದೇನಿದೆ?

ಪ್ರಶ್ನೆ: ಪೂಜೆಗೆ ಮೊದಲು ಹಳೇ ಕತ್ತಿಯನ್ನು ಹುಣಸೆಹಣ್ಣು ಹಾಕಿ ಉಜ್ಜಬಹುದಾ?

ಉತ್ತರ: ಬೇಡ. ಎಮರಿ ಕಾಗದ ಬೇಡ, ಸಾಣೆ ಬೇಡ, ನಿಂಬೆಹಣ್ಣೂ ಬೇಡ. ಹಳೇ ಉಕ್ಕಿನ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳಿದ್ದರೆ ಒಂದೇ ಸಲದ ಉಜ್ಜಾಟಕ್ಕೆ ಮಾಯವಾಗುತ್ತವೆ. ಬಿಸಿನೀರಲ್ಲಿ ನೆನೆಸಲೂ ಬೇಡಿ, ಹಿಡಿಯೊಳಗಿನ ಅರಗು ಮೆತ್ತಗಾಗಿ ಅಲಗು ಕಳಚಿ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ತೆಳ್ಳಗೆ ಮಷಿನ್ ಎಣ್ಣೆ ಹಚ್ಚಿ. ತೊಗಲಿನ ಒರೆಯಲ್ಲಿ ಇಡಬೇಡಿ, ತೇವ ಹಿಡಿಯುತ್ತದೆ. ಕುಂಕುಮವನ್ನು ಹಿಡಿಗೆ ಹಚ್ಚಿದರೂ ದೇವಿ ಬೇಡ ಅನ್ನುವುದಿಲ್ಲ.

ಪ್ರಶ್ನೆ: ಹಿಂದಿನ ವೀರರ ಕತ್ತಿ 25 ಕೆಜಿ ಇರುತ್ತಿತ್ತಾ?

ಉತ್ತರ: ಇಲ್ಲ. ಹಿಡಿ ಸೇರಿ ಒಂದು ಕೆಜಿ ಆಸುಪಾಸು. 25 ಕೆಜಿ ಎತ್ತಿಕೊಂಡು ನೀವೇ ಹತ್ತು ನಿಮಿಷ ಬೀಸಿ ನೋಡಿ.

ಪ್ರಶ್ನೆ: ಬರ್ತ್‌ಡೇಗೆ ತಲವಾರಿನಲ್ಲಿ ಕೇಕ್ ಕತ್ತರಿಸಿ ರೀಲ್ಸ್ ಹಾಕಿದರೆ ಏನು ತಪ್ಪು? ಸುಮ್ನೆ ಮಜಾಕ್ಕೆ ಸರ್.

ಉತ್ತರ: 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಮನೆಗೆಲಸಕ್ಕೋ ಹೊಲದ ಕೆಲಸಕ್ಕೋ ಮಾಡಿದ್ದಲ್ಲದಿದ್ದರೆ ಆಯುಧದ ಪಟ್ಟಿಗೆ ಸೇರುತ್ತದೆ. ಸಾಕ್ಷಿಯನ್ನು ನೀವೇ ವಿಡಿಯೊ ಮಾಡಿ ಪೊಲೀಸರಿಗೆ ಕೊಟ್ಟಂತಾಯಿತು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೇಲೆ ಹೋದ ಗುಂಡು ಕೆಳಗೆ ಬಂದೇ ಬರುತ್ತದೆ.

ಪ್ರಶ್ನೆ: ಕಾಡುಹಂದಿಗೆ ಏರ್‌ಗನ್ ನಡೆಯುತ್ತಾ?

ಉತ್ತರ: ಗಾಯವಾಗುತ್ತದೆ, ಸಾಯುವುದಿಲ್ಲ. ಗಾಯಗೊಂಡ ಹಂದಿ ನಿಮ್ಮ ಮೇಲೇ ಬರುತ್ತದೆ. ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಸಿಡಿಮದ್ದಿನ ಉಂಡೆ ಇಡುವವರ ವಿಷಯ ನನ್ನ ಹತ್ತಿರ ಎತ್ತಲೇಬೇಡಿ, ಅದನ್ನು ಕಚ್ಚಿ ಬಾಯಿ ಸೀಳಿಕೊಳ್ಳುವುದು ದನ, ನಾಯಿಗಳು.

ಪ್ರಶ್ನೆ: ನಮ್ಮ ಹಳೇ ಕಠಾರಿಗೆ ಅಕ್ಕಿ ಎಳೆಯುವ ಶಕ್ತಿ ಇದೆಯಂತೆ. ಟೆಸ್ಟಿಂಗ್ ಫೀಸ್ ಕಟ್ಟಿದರೆ ಕೋಟಿಗೆ ಮಾರಿಸಿಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ.

ಉತ್ತರ: ಅವನ ನಂಬರ್ ನನಗೆ ಯಾಕೆ ಕಳಿಸಿದ್ದೀರಿ? ಠಾಣೆಗೆ ಕಳಿಸಿ. ಫೀಸ್ ಆಗಲೇ ಕಟ್ಟಿದ್ದರೆ ಇವತ್ತೇ ಕಳಿಸಿ.