ಕ್ರಾಸ್ ಹೊಸದು ಹಾಕಿಸಿದ ಮೇಲೆ ಪಿಕಪ್ 60 ದಾಟಿದರೆ ನಡುಗುತ್ತಿದೆ. ಮೊದಲು ಹೀಗೆ ಇರಲಿಲ್ಲ. ಲೋಡಿದ್ದಾಗ ಒಂಥರ, ಖಾಲಿ ಇದ್ದಾಗ ಒಂಥರ. ಶಾಫ್ಟ್ ಪೂರ್ತಿ ಬದಲಿಸಲಾ, ಗಾಡಿ ಮಾರಿಬಿಡಲಾ?

ಎರಡೂ ಬೇಡ ಮಾರಾಯ್ರೆ. ಗೊತ್ತಿಲ್ಲದವರಿಗೆ: ಶಾಫ್ಟ್ ಅಂದರೆ ಗೇರ್‌ಬಾಕ್ಸಿನ ತಿರುಗುವಿಕೆಯನ್ನು ಹಿಂಚಕ್ರಗಳ ಕಡೆಗೆ ಒಯ್ಯುವ ಉದ್ದ ಕೊಳವೆ, ಕ್ರಾಸ್ ಅಂದರೆ ಅದು ಕೋನದಲ್ಲೂ ತಿರುಗಲಿ ಅಂತ ತುದಿಗಳಲ್ಲಿ ಇರುವ ಕೂಡಿಸು ಚಿಹ್ನೆಯಾಕಾರದ ಜಾಯಿಂಟ್. ಕ್ರಾಸ್ ಹಾಕಿಸುವ ಮೊದಲು ಈ ನಡುಕ ಇರಲಿಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಬಿಚ್ಚಿ ಜೋಡಿಸುವಾಗಲೇ ಏನೋ ಆಗಿದೆ. ಮೊದಲು ಅದನ್ನು ನೋಡಿ.

ನಾನು ತೀರ್ಥಹಳ್ಳಿ ಕಡೆಯವನು. ಶಿವಮೊಗ್ಗದ ಮಂಡಿಗೆ ಅಡಿಕೆ ಒಯ್ಯುತ್ತೇನೆ, ಬರುವಾಗ ಗೊಬ್ಬರ ತರುತ್ತೇನೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಪಿಕಪ್ ರಿವರ್ಸಿಗೆ ಹಾಕಿದಾಗಲೆಲ್ಲ ಕೆಳಗೆ ಟಕ್ ಅನ್ನತೊಡಗಿತು. ಶಾಫ್ಟಿನ ಹಿಂತುದಿಯ ಕ್ರಾಸಿನ ಕ್ಯಾಪ್ ಸುತ್ತ ಕೆಂಪು ತುಕ್ಕಿನ ಪುಡಿ. ನೀರು ನುಗ್ಗಿ ಗ್ರೀಸ್ ತೊಳೆದುಹೋಗಿ ಒಳಗಿನ ಬೇರಿಂಗ್ ಸವೆದಿತ್ತು. ಹತ್ತಿರದ ಒಂದು ಗ್ಯಾರೇಜಿನಲ್ಲಿ ಹೊಸ ಕ್ರಾಸ್ ಹಾಕಿದರು. ಟಕ್ ಶಬ್ದ ನಿಂತಿತು. ಆದರೆ ಗಾಜನೂರಿನ ಹತ್ತಿರ ಸ್ವಲ್ಪ ವೇಗ ಹಿಡಿದೆನೋ ಇಲ್ಲವೋ, ಪಾದದ ಕೆಳಗಿಂದ ಗುಂಯ್ ಅಂತ ನಡುಕ ಶುರು.

ಗ್ಯಾರೇಜಿನವರು ಟೈರ್ ಅಂದರು. ಬ್ಯಾಲೆನ್ಸಿಂಗ್ ಆಯಿತು, ಹೊಸ ಟೈರ್ ಬಂತು, ಗೇರ್‌ಬಾಕ್ಸ್ ಮೌಂಟ್ ಬದಲಾಯಿತು. ನಡುಕ ಹಾಗೇ ಇತ್ತು. ಅಷ್ಟರಲ್ಲಿ ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗಿನ ರಬ್ಬರ್ ಹರಿದು, ಶಾಫ್ಟಿನ ಹಿಂತುದಿಯ ಹತ್ತಿರದ ಪಿನಿಯನ್ ಸೀಲಿನಿಂದ ಆಯಿಲ್ ಜಿನುಗತೊಡಗಿತು. ಕೊನೆಗೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದರು. "ಗೌಡ್ರೆ, ಶಾಫ್ಟ್ ತಪ್ಪು ಹಲ್ಲಿಗೆ ಕೂರಿಸಿದ್ದಾರೆ" ಅಂದರು.

ಇದನ್ನು ಬಿಡಿಸಿ ಹೇಳಲೇಬೇಕು, ನನ್ನ ದುಡ್ಡೆಲ್ಲ ಹೋಗಿದ್ದು ಇಲ್ಲೇ. ಶಾಫ್ಟಿನಲ್ಲಿ ಒಂದು ಜಾರುವ ಜಾಯಿಂಟ್ ಇರುತ್ತದೆ. ಹಿಂದಿನ ಹೌಸಿಂಗ್ (ಹಿಂಚಕ್ರಗಳ ನಡುವಿನ ಗೇರಿನ ಡಬ್ಬಿ) ರಸ್ತೆಗುಂಡಿಯಲ್ಲಿ ಏರಿಳಿದಾಗ ಶಾಫ್ಟಿನ ಉದ್ದ ಹೆಚ್ಚುಕಡಿಮೆ ಆಗಲಿ ಅಂತ. ಅದರ ಒಳಗೆ ಸುತ್ತಲೂ ಹಲ್ಲುಗಳು. ಕ್ರಾಸ್ ಬಡಿಯಲು ಸುಲಭ ಆಗಲಿ ಅಂತ ಗುರುತು ಹಾಕದೆ ಅದನ್ನು ಎಳೆದು ತೆಗೆದಿದ್ದರು. ಮತ್ತೆ ಸೇರಿಸುವಾಗ ಯಾವ ಹಲ್ಲಿಗೆ ಬೇಕಾದರೂ ಸಲೀಸಾಗಿ ಕೂರುತ್ತದೆ. ತಪ್ಪಾಗಿದೆ ಅಂತ ಕೈಗೆ ಗೊತ್ತೇ ಆಗುವುದಿಲ್ಲ.

ಗೇರ್‌ಬಾಕ್ಸ್ ಒಂದೇ ಸಮ ತಿರುಗಿದರೂ, ಕೋನದಲ್ಲಿರುವ ಕ್ರಾಸ್ ದಾಟಿದ ಮೇಲೆ ಶಾಫ್ಟ್ ಒಂದೇ ಸಮ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ವೇಗ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇನ್ನೊಂದು ತುದಿಯ ಕ್ರಾಸ್ ಆ ಏರಿಳಿತವನ್ನು ಸರಿ ಮಾಡಿ ಹೌಸಿಂಗಿಗೆ ಕೊಡಬೇಕು. ಅದಕ್ಕೆ ಎರಡೂ ಕಡೆಯ ಕೋನ ಸಮ ಇರಬೇಕು, ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸ್ ಹಿಡಿದಿರುವ ಕವಲುಗಳು, ಅಂದರೆ ಯೋಕ್‌ಗಳೂ ಒಂದೇ ಗೆರೆಯಲ್ಲಿ ಇರಬೇಕು. ಕೆಲವು ಹಲ್ಲು ತಪ್ಪಿದರೆ ಸರಿಪಡಿಸುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. 90 ಡಿಗ್ರಿ ತಪ್ಪಿದರೆ ಒಂದರ ಏರಿಳಿತಕ್ಕೆ ಇನ್ನೊಂದರದ್ದು ಸೇರಿಕೊಳ್ಳುತ್ತದೆ. ಇದು ತೂಕದ ದೋಷ ಅಲ್ಲ, ಹಾಗಾಗಿ ಬ್ಯಾಲೆನ್ಸಿಂಗ್ ಮಾಡಿಸಿ ಪ್ರಯೋಜನ ಇಲ್ಲ. ಲೋಡಿದ್ದಾಗ ಒಂಥರ, ಖಾಲಿ ಇದ್ದಾಗ ಒಂಥರ ಅಂದಿದ್ದೀರಲ್ಲ, ಲೋಡಿಗೆ ಗಾಡಿಯ ಹಿಂಭಾಗ ಕೂತು ಕೋನ ಬದಲಾಗುವುದರಿಂದ ಹಾಗೆ.

ಆ ಮೆಕ್ಯಾನಿಕ್ ಶಾಫ್ಟ್ ಇಳಿಸಿ, ಮಣ್ಣು ಒರೆಸಿ, ಎರಡೂ ತುಂಡಿನ ಮೇಲಿದ್ದ ಬಾಣದ ಗುರುತು ತೋರಿಸಿದರು. ಎದುರುಬದುರು ತಂದು ಕೂರಿಸಿದರು. ಭದ್ರಾವತಿ ರಸ್ತೆಯಲ್ಲಿ 80ರವರೆಗೆ ಓಡಿಸಿ ನೋಡಿದೆವು. ನಡುಕದ ಸುಳಿವೇ ಇಲ್ಲ. ಬಿಚ್ಚುವ ಮೊದಲು ಒಂದು ಗೆರೆ ಪೇಂಟ್ ಎಳೆದಿದ್ದರೆ ಇಷ್ಟೆಲ್ಲ ಖರ್ಚು ಇರುತ್ತಿರಲಿಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಟೈರೋ ಶಾಫ್ಟೋ ಅನ್ನೋದನ್ನು ಗ್ಯಾರೇಜಿಗೆ ಹೋಗದೆಯೇ ಅಂದಾಜು ಮಾಡಬಹುದು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ ಕ್ಲಚ್ ಒತ್ತಿ. ಇಂಜಿನ್ ಇಳಿದರೂ ನಡುಕ ಉಳಿದರೆ ಇಂಜಿನ್ನಿನದ್ದಲ್ಲ. ಟೈರಿನ ಸುತ್ತಳತೆ ಸುಮಾರು 2 ಮೀಟರ್ ಅಂದುಕೊಳ್ಳಿ. 60ರ ವೇಗದಲ್ಲಿ ಅದು ಸೆಕೆಂಡಿಗೆ 8ಕ್ಕಿಂತ ಸ್ವಲ್ಪ ಹೆಚ್ಚು ಸುತ್ತು. ಹೌಸಿಂಗ್ ರೇಷಿಯೋ 4 ಇದ್ದರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನದ್ದು ನಾಲ್ಕು ಸುತ್ತಾದರೆ, ಶಾಫ್ಟ್ ಸೆಕೆಂಡಿಗೆ ಸುಮಾರು 33 ಸುತ್ತು. ಅದಕ್ಕೇ ಟೈರಿನದ್ದು ನಿಧಾನದ ಕುಲುಕಾಟ, ಸ್ಟೇರಿಂಗಿಗೋ ಸೀಟಿಗೋ ಬರುತ್ತದೆ. ಶಾಫ್ಟಿನದ್ದು ಸಣ್ಣ ಗುಂಯ್, ಪಾದದ ಕೆಳಗೆ.

ಯೋಕ್ ಸರಿ ಇದ್ದೂ ನಡುಗಿದರೆ ಆಗ ಬೇರೆಯದು ನೋಡಿ. ಜಾಸ್ತಿ ಲೋಡ್ ಹಾಕಬೇಕು ಅಂತ ಹಿಂಬದಿ ಸ್ಪ್ರಿಂಗಿಗೆ ಒಂದು ಪ್ಲೇಟ್ ಸೇರಿಸಿದ್ದೀರಾ? ಅದರಿಂದ ಕೋನ ಕೆಡುತ್ತದೆ. ನಮ್ಮ ಕಡೆ ಇದು ತೀರಾ ಸಾಮಾನ್ಯ, ನನಗೆ ಸರಿ ಕಾಣುವುದಿಲ್ಲ. ಮಳೆಗಾಲಕ್ಕೆ ಮುಂಚೆ ಗಾಡಿಯ ತಳಕ್ಕೆ ತುಕ್ಕು ಹಿಡಿಯದ ಕೋಟಿಂಗ್ ಹೊಡೆಸುವಾಗ ಶಾಫ್ಟಿಗೂ ಬಿದ್ದಿದ್ದರೆ ಕೆರೆಸಿ ತೆಗೆಸಿ. ಶಾಫ್ಟಿಗೆ ವೆಲ್ಡ್ ಮಾಡಿದ ಸಣ್ಣ ತೂಕದ ತುಂಡು ಉದುರಿದೆಯಾ ನೋಡಿ. ಉದುರಿದ್ದರೆ ಶಾಫ್ಟ್ ಬ್ಯಾಲೆನ್ಸಿಂಗ್ ಮಾಡಿಸಿ.

ನೀವೇ ಬಿಚ್ಚಿಸುವುದಾದರೆ, ಶಾಫ್ಟನ್ನು ಬೋಲ್ಟ್ ಹಾಕಿ ಕೂರಿಸುವ ಫ್ಲಾಂಜಿಗೂ ಗುರುತು ಹಾಕಿ. ಶಾಫ್ಟ್ ಕಳಚಿದ ಮೇಲೆ ಗೇರಿನಲ್ಲಿ ಬಿಟ್ಟರೂ ಗಾಡಿ ನಿಲ್ಲುವುದಿಲ್ಲ. ನಮ್ಮ ಕಡೆ ಅಂಗಳವೂ ಇಳಿಜಾರೇ ಅಲ್ವಾ, ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ದಪ್ಪ ಕಲ್ಲು ಕೊಟ್ಟೇ ಕೆಳಗೆ ಹೋಗಿ.