ಮರು: ಕ್ಯಾಂಪಸ್ ನ್ಯೂಸ್ ಸ್ಟುಡಿಯೋದಲ್ಲಿ ಎಂತ ನೋಡ್ಬೇಕು?

"ಮುಂದಿನ ವಾರ ನಮ್ಮನ್ನು ಕಾಲೇಜಿನ ನ್ಯೂಸ್ ಸ್ಟುಡಿಯೋಗೆ ಕರ್ಕೊಂಡು ಹೋಗ್ತಾರೆ, ಎಲ್ಲಿ ನಿಂತು ನೋಡಿದ್ರೆ ಒಳ್ಳೇದು" ಅಂತ ಕೇಳಿದ್ದೀರಿ. ನನ್ನ ಕೇಳಿದ್ರೆ ಆ್ಯಂಕರ್ ಎದುರಲ್ಲ, ಪಿಸಿಆರ್‌ನಲ್ಲಿ, ಅಂದ್ರೆ ಇಡೀ ಕಾರ್ಯಕ್ರಮವನ್ನು ನಡೆಸುವ ಪ್ರೊಡಕ್ಷನ್ ಕಂಟ್ರೋಲ್ ರೂಮಿನಲ್ಲಿ.

ಮಂಗಳೂರಲ್ಲಿ ಓದುವಾಗ ನಾನೂ ಹೀಗೇ ಹೋಗಿದ್ದೆ. ಮೊದಲು ಕಣ್ಣು ನೆಟ್ಟದ್ದು ಆ್ಯಂಕರಿಗೆ ಓದುವ ಸಾಲು ತೋರಿಸುವ ಟೆಲಿಪ್ರಾಂಪ್ಟರ್ ಮೇಲೆ. ಲೆನ್ಸ್ ಮುಂದೆ ಓರೆಯಾಗಿ ಒಂದು ಗಾಜು, ಅದರ ಕೆಳಗಿನ ಮಾನಿಟರ್‌ನಲ್ಲಿ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಗಾಜಿನಲ್ಲಿ ಪ್ರತಿಫಲಿಸಿದಾಗ ಓದುವವರಿಗೆ ನೆಟ್ಟಗೆ ಕಾಣ್ತದೆ, ಹಿಂದಿರುವ ಕ್ಯಾಮೆರಾಕ್ಕೆ ಅಕ್ಷರ ಕಾಣುವುದೇ ಇಲ್ಲ.

ಆದರೆ ನಿಜವಾದ ಗಡಿಬಿಡಿ ಇದ್ದದ್ದು ಪಿಸಿಆರ್‌ನಲ್ಲಿ. ಸೀನಿಯರ್ ಅಕ್ಕ ಒಬ್ರು ಟಾಕ್‌ಬ್ಯಾಕ್‌ನಲ್ಲಿ (ಸ್ಟುಡಿಯೋದವರ ಜೊತೆ ಮಾತಾಡುವ ಮೈಕ್) "ಕ್ಯಾಮೆರಾ ಎರಡು ರೆಡಿ... ಟೇಕ್" ಅಂತಿದ್ರು. ಮಳೆ ಸುದ್ದಿಯ ವಿಶುವಲ್ ಇನ್ನೂ ಎಡಿಟಿಂಗ್‌ನಿಂದ ಬಂದೇ ಇಲ್ಲ! ಕೂತಲ್ಲೇ ರನ್‌ಡೌನ್, ಅಂದ್ರೆ ಯಾವ ಸುದ್ದಿ ಯಾವಾಗ ಅನ್ನುವ ಪಟ್ಟಿ, ಬದಲಾಯಿಸಿ ಮೀನುಗಾರಿಕೆ ಸುದ್ದಿಯನ್ನು ಮೇಲೆ ತಂದ್ರು. ಆ್ಯಂಕರ್ ಮುಖದಲ್ಲಿ ಅದರ ಸುಳಿವೇ ಇಲ್ಲ ಮಾರಾಯ್ರೆ.

ಹಸಿರು ಅಂಗಿ ಮಾತ್ರ ಬೇಡ. ನಾನು ಹಾಕಿಕೊಂಡು ಹೋಗಿ ಕ್ರೋಮಾ ಪರದೆ ಎದುರು ನಿಂತೆ, ಅಲ್ಲಿ ಹಸಿರು ಇದ್ದಲ್ಲೆಲ್ಲ ಬೇರೆ ಚಿತ್ರ ತುಂಬ್ತಾರೆ. ಮಾನಿಟರ್‌ನಲ್ಲಿ ಬರೀ ತಲೆ, ಕೈ, ಉಳಿದದ್ದೆಲ್ಲ ಪಣಂಬೂರು ಬೀಚು. ಒಳಗೆ ಎಸಿ ಚಳಿಯೂ ಜೋರುಂಟು, ಮಳೆಗೆ ಒದ್ದೆಯಾಗಿ ಹೋಗ್ಬೇಡಿ. ಫೋನ್ ಸೈಲೆಂಟ್ ಸಾಲದು, ಆಫ್ ಮಾಡಿ. ರನ್‌ಡೌನಿನ ಒಂದು ಪ್ರತಿ ಕೇಳಿ ನೋಡಿ, ನನಗೆ ಕೊಟ್ಟಿದ್ರು.